ಟರ್ಬೊ ಕಾರಿನ ಟ್ಯೂನಿಂಗ್: ಬೂಸ್ಟ್ ಕೇಳುವ ಮೊದಲು ಗಾಳಿಯ ಬಿಸಿ ಕೇಳಿ

ಬೆಳಗಿನ ತಂಪಿನಲ್ಲಿ ಚಿಮ್ಮಿಕೊಂಡು ಹೋಗುವ ಟರ್ಬೊ ಕಾರು, ಮಧ್ಯಾಹ್ನದ ಬಿಸಿಲಲ್ಲಿ ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ನಿಂತು ಹೊರಟರೆ ಮೈಭಾರವಾದಂತೆ ಎಳೆಯುತ್ತದೆ. ಪೆಟ್ರೋಲ್ ಬದಲಾಗಿಲ್ಲ. ಬೂಸ್ಟ್ ಗೇಜಿನ ಮುಳ್ಳು ಕೂಡ ಮಾಮೂಲಿ ಜಾಗಕ್ಕೇ ಬಂದು ನಿಲ್ಲುತ್ತದೆ. ಬದಲಾಗಿರುವುದು ಸಿಲಿಂಡರ್ ಒಳಗೆ ಹೋಗುವ ಗಾಳಿಯ ಬಿಸಿ. ಟರ್ಬೊ ಎಂದರೆ ಎಕ್ಸಾಸ್ಟ್ ಹೊಗೆ ತಿರುಗಿಸುವ ಟರ್ಬೈನ್‌ನ ಬಲದಿಂದ ಕಂಪ್ರೆಸರ್ ಓಡಿಸಿ ಎಂಜಿನ್‌ಗೆ ಗಾಳಿ ಅದುಮಿ ತುಂಬುವ ಸಾಧನ. ಹೊರಗಿನ ಹವೆಯ ಒತ್ತಡದ ಮೇಲೆ ಅದು ಸೇರಿಸುವ ಒತ್ತಡವೇ ಬೂಸ್ಟ್. ಈಗ ಒಂದು ಲೀಟರಿನ ಎಂಜಿನ್‌ಗೂ ಟರ್ಬೊ ಬಂದಿದೆ. ಅದರ ಬೆನ್ನಿಗೇ ‘ಸ್ಟೇಜ್ 1’ ಎಂಬ ಹೆಸರಿನ ಸಿದ್ಧ ರಿಮ್ಯಾಪ್ ಫೈಲ್‌ಗಳ ಮಾರಾಟವೂ ಜೋರಾಗಿದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಒಳಗಿನ ಟೇಬಲ್‌ಗಳನ್ನು, ಅಂದರೆ ಮ್ಯಾಪನ್ನು, ತಿದ್ದಿ ಬರೆಯುವ ಫೈಲ್‌ಗಳಿವು. ಎಷ್ಟು ಎಚ್‌ಪಿ ಏರುತ್ತದೆ, ಎಷ್ಟು ಟಾರ್ಕ್ ಏರುತ್ತದೆ ಎಂದು ಜಾಹೀರಾತು ಹೇಳುತ್ತದೆ. ಗಾಳಿ ಎಷ್ಟು ಡಿಗ್ರಿ ಇದ್ದಾಗ ಆ ಅಂಕಿ ಸಿಕ್ಕಿತು ಎಂಬುದನ್ನು ಹೇಳುವುದು ಅಪರೂಪ. ಒಂದೇ ತಾಪಮಾನದಲ್ಲಿ ಪರೀಕ್ಷಿಸಿದ ಮ್ಯಾಪ್ ಅರ್ಧ ಮುಗಿದ ಕೆಲಸ. ಯಾಕೆ ಎಂಬುದು ಲೆಕ್ಕ ಹಾಕಿ ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಬಿಸಿ ಗಾಳಿ ಎರಡು ಕಡೆಯಿಂದ ಪೆಟ್ಟು ಕೊಡುತ್ತದೆ. ಮೊದಲನೆಯದು ಬಹಳ ಜನರಿಗೆ ಗೊತ್ತಿರುವಂಥದ್ದು: ಬಿಸಿಯಾದ ಗಾಳಿ ಹಿಗ್ಗಿ ತೆಳುವಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಎಂದರೆ 293 ಕೆಲ್ವಿನ್, 60 ಡಿಗ್ರಿ ಎಂದರೆ 333 ಕೆಲ್ವಿನ್. ಒತ್ತಡ ಅಷ್ಟೇ ಇದ್ದರೆ 60 ಡಿಗ್ರಿಯ ಗಾಳಿಯ ಸಾಂದ್ರತೆ 20 ಡಿಗ್ರಿಯ ಗಾಳಿಯ 0.88 ಪಾಲು ಮಾತ್ರ. ಗೇಜ್ ಒಂದೇ ಬಾರ್ ತೋರಿಸುತ್ತಿದ್ದರೂ ಸಿಲಿಂಡರ್‌ಗೆ ಸೇರಿದ ಆಮ್ಲಜನಕದಲ್ಲಿ ಶೇ 12ರಷ್ಟು ಖೋತಾ.

ಎರಡನೆಯ ಪೆಟ್ಟು ಇದಕ್ಕಿಂತ ದೊಡ್ಡದು, ಅದು ನಾಕಿಂಗ್. ಕಂಪ್ರೆಷನ್ ಅನುಪಾತ 9.5 ಇರುವ, ಅಂದರೆ ಗಾಳಿಯನ್ನು 9.5ರಲ್ಲಿ ಒಂದು ಪಾಲು ಜಾಗಕ್ಕೆ ಅದುಮುವ ಎಂಜಿನ್‌ನಲ್ಲಿ ಪಿಸ್ಟನ್ ಮೇಲೇರಿ ಗಾಳಿಯನ್ನು ಅದುಮುವಾಗ ಕೆಲ್ವಿನ್ ಲೆಕ್ಕದಲ್ಲಿ ತಾಪಮಾನ ಸುಮಾರು ಎರಡು ಪಟ್ಟಾಗುತ್ತದೆ. 40 ಡಿಗ್ರಿಯಲ್ಲಿ ಒಳಹೊಕ್ಕ ಗಾಳಿ ಮೇಲೆ ಹೋಗುವಷ್ಟರಲ್ಲಿ 370 ಡಿಗ್ರಿಯ ಆಸುಪಾಸಿಗೆ ಬಂದರೆ, 70 ಡಿಗ್ರಿಯಲ್ಲಿ ಹೊಕ್ಕಿದ್ದು 430 ದಾಟುತ್ತದೆ. ಬಾಗಿಲಲ್ಲಿ 30 ಡಿಗ್ರಿ ಇದ್ದ ವ್ಯತ್ಯಾಸ ಒಳಗೆ 60 ಡಿಗ್ರಿಗೂ ಮೀರಿತು. ಸ್ಪಾರ್ಕ್ ಹೊತ್ತಿಸಿದ ಜ್ವಾಲೆ ಪ್ಲಗ್‌ನಿಂದ ಹರಡುತ್ತಾ ಬರುವಾಗ ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದ ಮಿಶ್ರಣ ಮತ್ತಷ್ಟು ಅದುಮಿಸಿಕೊಳ್ಳುತ್ತದೆ. ಮೊದಲೇ ಬಿಸಿಯಾಗಿದ್ದ ಆ ಮಿಶ್ರಣ ಜ್ವಾಲೆ ತಲುಪುವ ಮುಂಚೆಯೇ ತಾನಾಗಿ ಸಿಡಿಯುತ್ತದೆ. ಹಗುರಾಗಿದ್ದರೆ ಕಿಟಿಕಿಟಿ ಸದ್ದು. ಜೋರಾಗಿ ಮುಂದುವರಿದರೆ ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗ್‌ಗಳ ನಡುವಿನ ಅಂಚು) ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಇದನ್ನು ತಪ್ಪಿಸಲು ಇಸಿಯು ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ, ಅಂದರೆ ಸ್ಪಾರ್ಕನ್ನು ತಡಮಾಡುತ್ತದೆ. ಸಿಲಿಂಡರ್ ಒತ್ತಡ ಇಳಿದು ನಾಕಿಂಗ್ ನಿಲ್ಲುತ್ತದೆ. ಆದರೆ ತಡವಾಗಿ ಹೊತ್ತಿದ ಮಿಶ್ರಣದ ಬಿಸಿಯಲ್ಲಿ ಹೆಚ್ಚಿನ ಪಾಲು ಪಿಸ್ಟನ್ನನ್ನು ತಳ್ಳುವುದರ ಬದಲು ಎಕ್ಸಾಸ್ಟ್‌ಗೆ ಹೋಗುತ್ತದೆ. ಎಕ್ಸಾಸ್ಟ್ ತಾಪಮಾನ ಏರುತ್ತದೆ. ಬಹಳಷ್ಟು ಪೆಟ್ರೋಲ್ ಟರ್ಬೊಗಳ ಟರ್ಬೈನ್ ಬಾಯಿಯಲ್ಲಿ 950 ಡಿಗ್ರಿಯ ಸುತ್ತ ಮಿತಿ ಇರುತ್ತದೆ. ಆ ಮಿತಿ ದಾಟದಂತೆ ಇಸಿಯು ಹೆಚ್ಚುವರಿ ಪೆಟ್ರೋಲ್ ಸುರಿದು ತಣಿಸುತ್ತದೆ. ಗಾಳಿಯ ಬಿಸಿ ಏರಿದ್ದಕ್ಕೆ ಶಕ್ತಿ ಹೋಯಿತು, ಟರ್ಬೊ ಕಾಯಿತು, ಮೈಲೇಜೂ ಕುಸಿಯಿತು.

ಬಿಸಿ ಹುಟ್ಟುವ ಜಾಗ

ಹೊರಗಿನ ಹವೆಯ ಬಿಸಿಗಿಂತ ಕಂಪ್ರೆಸರ್ ಹುಟ್ಟಿಸುವ ಬಿಸಿ ಬಹಳ ಹೆಚ್ಚು. ಲೆಕ್ಕ ಸುಲಭ. ಒತ್ತಡದ ಅನುಪಾತವನ್ನು 0.286ರ ಘಾತಕ್ಕೆ ಏರಿಸಿ, ಅದರಿಂದ 1 ಕಳೆದು, ಕಂಪ್ರೆಸರ್‌ನ ದಕ್ಷತೆಯಿಂದ ಭಾಗಿಸಿ, ಒಳಬಂದ ಗಾಳಿಯ ಕೆಲ್ವಿನ್ ತಾಪಮಾನದಿಂದ ಗುಣಿಸಿದರೆ ಎಷ್ಟು ಡಿಗ್ರಿ ಏರುತ್ತದೆ ಎಂದು ಸಿಗುತ್ತದೆ. ಹೊರಗೆ 30 ಡಿಗ್ರಿ, ಬೂಸ್ಟ್ 1 ಬಾರ್, ಅಂದರೆ ಅನುಪಾತ 2, ದಕ್ಷತೆ ಶೇ 72 ಎಂದಿಟ್ಟುಕೊಳ್ಳಿ. ಗಾಳಿ 92 ಡಿಗ್ರಿ ಏರಿ 122 ಡಿಗ್ರಿಯಲ್ಲಿ ಟರ್ಬೊದಿಂದ ಹೊರಬೀಳುತ್ತದೆ. ಮುಂದೆ ಇಂಟರ್‌ಕೂಲರ್. ಹೊರಗಿನ ಹವೆಗೂ ಈ ಬಿಸಿ ಗಾಳಿಗೂ ಇರುವ ಅಂತರದಲ್ಲಿ ಅದು ಶೇ 70 ಇಳಿಸಿತು ಎಂದರೆ ಸಿಲಿಂಡರ್ ಕಡೆಗೆ ಹೋಗುವ ಗಾಳಿ 58 ಡಿಗ್ರಿ.

ಈಗ ಅದೇ ಸಣ್ಣ ಟರ್ಬೊದ ಮೇಲೆ ಬೂಸ್ಟನ್ನು 1.4 ಬಾರ್‌ಗೆ ಏರಿಸಿದಿರಿ ಎನ್ನಿ. ಟರ್ಬೊ ತನ್ನ ದಕ್ಷತೆಯ ವಲಯ ದಾಟಿ ಶೇ 60ಕ್ಕೆ ಕುಸಿದಿದೆ. ಹೊರಬೀಳುವ ಗಾಳಿ ಈಗ 174 ಡಿಗ್ರಿ, ಅದೇ ಇಂಟರ್‌ಕೂಲರ್ ದಾಟಿದ ಮೇಲೂ 73 ಡಿಗ್ರಿ. ಒಟ್ಟು ಒತ್ತಡ ಶೇ 20 ಏರಿದರೂ ಗಾಳಿಯ ತೂಕ ಏರಿದ್ದು ಶೇ 15ರಷ್ಟು ಮಾತ್ರ. ಆ ಶೇ 15ರಲ್ಲೂ ಪೂರ್ತಿ ಕೈಗೆ ಸಿಗುವುದಿಲ್ಲ. ಮೂರು-ನಾಲ್ಕು ಡಿಗ್ರಿ ಟೈಮಿಂಗ್ ಬಿಟ್ಟುಕೊಡಬೇಕಾಗುತ್ತದೆ (ಟೈಮಿಂಗ್‌ನ ಡಿಗ್ರಿ ಬಿಸಿಯದಲ್ಲ, ಕ್ರ್ಯಾಂಕ್ ತಿರುಗುವ ಕೋನದ್ದು), ಹೆಚ್ಚು ಅದುಮಲು ಬಲ ಕೊಡಬೇಕಾದ ಟರ್ಬೈನ್ ಎಕ್ಸಾಸ್ಟ್‌ಗೆ ತಡೆಯನ್ನೂ ಒಡ್ಡುತ್ತದೆ. ಸಣ್ಣ ಟರ್ಬೊದ ಕಾರಿಗೆ 5,000 ಆರ್‌ಪಿಎಂ ಮೇಲೆ ಬೂಸ್ಟ್ ತುಂಬುವ ಮ್ಯಾಪ್ ಕಂಡರೆ ಅದನ್ನು ಮಾಡಿದವರು ಕಂಪ್ರೆಸರ್ ಮ್ಯಾಪ್, ಅಂದರೆ ಟರ್ಬೊದ ದಕ್ಷತೆಯ ವಲಯ ತೋರಿಸುವ ನಕ್ಷೆ, ನೋಡಿಲ್ಲ ಎಂದೇ ಅರ್ಥ. ಒಳ್ಳೆಯ ಟ್ಯೂನರ್ ಕೆಳಗಿನ, ನಡುವಿನ ಆರ್‌ಪಿಎಂನಲ್ಲಿ ಬೂಸ್ಟ್ ಕೊಟ್ಟು ಮೇಲಕ್ಕೆ ಹೋದಂತೆ ಇಳಿಸುತ್ತಾ ಬರುತ್ತಾರೆ.

ಬಾನೆಟ್ ಒಳಗೆ ತೆರೆದಿಟ್ಟ ಕೋನ್ ಫಿಲ್ಟರ್ ಕೂಡ ಇದೇ ಲೆಕ್ಕಕ್ಕೆ ಸಿಕ್ಕಿಬೀಳುತ್ತದೆ. ಅದು 30 ಡಿಗ್ರಿಯ ಬದಲು 60 ಡಿಗ್ರಿಯ ಗಾಳಿ ಸೇದಿದರೆ ಟರ್ಬೊದಿಂದ ಹೊರಬೀಳುವುದು 161 ಡಿಗ್ರಿ, ಇಂಟರ್‌ಕೂಲರ್ ಆಚೆಗೆ 69 ಡಿಗ್ರಿ. ಸುಂಯ್ ಎನ್ನುವ ಸದ್ದಿಗಾಗಿ ಕೊಟ್ಟ ಬೆಲೆ 11 ಡಿಗ್ರಿ. ಕಂಪನಿ ಕೊಟ್ಟ ಮುಚ್ಚಿದ ಏರ್‌ಬಾಕ್ಸ್ ಮುಂಭಾಗದ ಗ್ರಿಲ್ ಹಿಂದಿನಿಂದ ತಣ್ಣನೆ ಗಾಳಿ ತರುತ್ತದೆ. ಅದರಲ್ಲಿ ಒಳ್ಳೆಯ ಫಿಲ್ಟರ್ ಹಾಕಿ ಬಿಡುವುದೇ ಎಷ್ಟೋ ಮೇಲು.

ಸೆನ್ಸರ್ ಹೇಳುವುದೆಲ್ಲ ನಿಜವಲ್ಲ

ಇಸಿಯುಗೆ ಗಾಳಿಯ ಬಿಸಿ ಗೊತ್ತಾಗುವುದು ಐಎಟಿ (ಇನ್‌ಟೇಕ್ ಏರ್ ಟೆಂಪರೇಚರ್, ಒಳಹೋಗುವ ಗಾಳಿಯ ತಾಪಮಾನ) ಸೆನ್ಸರ್‌ನಿಂದ. ಅದರೊಳಗಿರುವುದು ಬಿಸಿಯಾದಂತೆ ವಿದ್ಯುತ್ ತಡೆ ಇಳಿಯುವ ಒಂದು ಪುಟ್ಟ ಥರ್ಮಿಸ್ಟರ್. ಬಾಷ್‌ನ ಸಾಮಾನ್ಯ ಸೆನ್ಸರ್‌ನಲ್ಲಿ 20 ಡಿಗ್ರಿಗೆ 2,500 ಓಮ್, 60 ಡಿಗ್ರಿಗೆ ಸುಮಾರು 600, 100 ಡಿಗ್ರಿಗೆ 187 ಓಮ್ ಇರುತ್ತದೆ. ಮಲ್ಟಿಮೀಟರ್ ಇದ್ದರೆ ಸಾಕು, ಸೆನ್ಸರನ್ನು ಬಿಚ್ಚಿ ಎರಡು ಮೂರು ತಾಪಮಾನದಲ್ಲಿ ಅಳೆದು ನೋಡಬಹುದು. ವೈರ್ ತುಂಡಾದರೆ ಇಸಿಯುಗೆ ಮೈನಸ್ 40 ಡಿಗ್ರಿಯಂತೆ ಕಾಣುತ್ತದೆ, ಪಿ0113 ಕೋಡ್ ಬರುತ್ತದೆ. ಶಾರ್ಟ್ ಆದರೆ ವಿಪರೀತ ಬಿಸಿಯಂತೆ ಕಂಡು ಪಿ0112 ಬರುತ್ತದೆ. ಇವು ಸುಲಭದ ತೊಂದರೆಗಳು, ಸ್ಕ್ಯಾನರ್ ಹಾಕಿದ ಕೂಡಲೇ ಸಿಕ್ಕಿಬೀಳುತ್ತವೆ. ಕೋಡೇ ಬಾರದೆ ತಪ್ಪು ಅಂಕಿ ಕೊಡುವ ಸೆನ್ಸರ್ ಎಂಜಿನ್ ಕೆಡಿಸುತ್ತದೆ.

ಸೆನ್ಸರ್ ಎಲ್ಲಿ ಕೂತಿದೆ ಎಂಬುದನ್ನು ಮೊದಲು ನೋಡಬೇಕು. ಒಳಬರುವ ಗಾಳಿಯ ತೂಕ ಅಳೆಯುವ ಮಾಸ್ ಏರ್‌ಫ್ಲೋ ಮೀಟರ್ ಇರುವ ಕಾರುಗಳಲ್ಲಿ ಆ ಮೀಟರ್ ಒಳಗೇ ಒಂದು ತಾಪಮಾನ ಸೆನ್ಸರ್ ಇರುತ್ತದೆ. ಅದು ಟರ್ಬೊಗಿಂತ ಮುಂಚೆ ಇರುವುದರಿಂದ ಹೇಳುವುದು ಹೊರಗಿನ ಹವೆಯ ಕತೆ. ಇಂಥ ಕಾರಿನಲ್ಲಿ ಮೀಟರ್ ತೆಗೆದುಹಾಕಿ ಒತ್ತಡ ಮತ್ತು ತಾಪಮಾನದಿಂದ ಗಾಳಿಯ ಲೆಕ್ಕ ಹಾಕುವ ಸ್ಪೀಡ್ ಡೆನ್ಸಿಟಿ ವಿಧಾನಕ್ಕೆ ಬದಲಿಸುವವರು, ಸೆನ್ಸರನ್ನು ಇಂಟರ್‌ಕೂಲರ್ ಆಚೆಗೆ ಸ್ಥಳಾಂತರಿಸಲೇಬೇಕು. ಮರೆತರೆ ಏನಾಗುತ್ತದೆ ನೋಡಿ. ಸೆನ್ಸರ್ 30 ಎನ್ನುತ್ತದೆ, ಸಿಲಿಂಡರ್‌ಗೆ ಹೋಗುತ್ತಿರುವುದು 60 ಡಿಗ್ರಿ. ಗಾಳಿ ದಟ್ಟವಾಗಿದೆ ಎಂದುಕೊಂಡು ಇಸಿಯು ಶೇ 10ರಷ್ಟು ಹೆಚ್ಚು ಪೆಟ್ರೋಲ್ ಹಾಕುತ್ತದೆ. ಅದನ್ನು ಟ್ಯೂನರ್ ಇಂಧನದ ಟೇಬಲ್‌ನಲ್ಲಿ ಇಳಿಸಿ ಸರಿಮಾಡಿದೆ ಎಂದುಕೊಳ್ಳುತ್ತಾರೆ. ಟೈಮಿಂಗ್ ಮಾತ್ರ 30 ಡಿಗ್ರಿಯ ಹವೆಗೆ ಇದ್ದಂತೆ ಪೂರ್ತಿ ಮುಂದಿರುತ್ತದೆ. ತಂಪು ದಿನ ಪರೀಕ್ಷೆ ಪಾಸಾಗುವ ಈ ಕಾರು ಬಿಸಿ ದಿನ ಪಿಸ್ಟನ್ ಕಳೆದುಕೊಳ್ಳುತ್ತದೆ.

ಸೆನ್ಸರ್ ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ ಕೂತಿದ್ದರೆ ತೊಂದರೆ ಉಲ್ಟಾ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಬಂದರೆ ಮ್ಯಾನಿಫೋಲ್ಡ್‌ನ ಅಲ್ಯೂಮಿನಿಯಂ ಬಿಸಿ ಸೆನ್ಸರ್‌ನ ಮೈಗೆ ಹತ್ತಿರುತ್ತದೆ. ಹೊರಟಾಗ ಗಾಳಿ 45 ಡಿಗ್ರಿ ಇದ್ದರೂ ಸೆನ್ಸರ್ 75 ಎನ್ನುತ್ತದೆ. ಸ್ಪೀಡ್ ಡೆನ್ಸಿಟಿಯ ಇಸಿಯು ಗಾಳಿ ಕಡಿಮೆ ಇದೆ ಎಂದು ನಂಬಿ ಪೆಟ್ರೋಲ್ ಕಡಿಮೆ ಹಾಕುತ್ತದೆ. ಎಕ್ಸಾಸ್ಟ್‌ನ ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರ್ ತಿದ್ದಿಕೊಳ್ಳುವವರೆಗೆ ಮಿಶ್ರಣ ತೆಳು, ಐಡಲ್ ಮುಗ್ಗರಿಸುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಒಂದು, ಸೆನ್ಸರನ್ನು ಇಂಟರ್‌ಕೂಲರ್ ಮತ್ತು ಥ್ರಾಟಲ್ ನಡುವಿನ ಪೈಪಿನಲ್ಲಿ ಕೂರಿಸುವುದು. ಥರ್ಮಿಸ್ಟರ್ ಹಿತ್ತಾಳೆಯ ಗೂಡಿನೊಳಗೆ ಅಡಗಿರುವ ಬಗೆಯದಲ್ಲ, ಗಾಳಿಗೆ ತೆರೆದುಕೊಂಡಿರುವ ಬಗೆಯದು ಹಾಕುವುದು. ಮುಚ್ಚಿದ ಬಗೆಯದು ಎಷ್ಟು ನಿಧಾನ ಎಂದರೆ, ಹತ್ತು ಸೆಕೆಂಡಿನ ಪೂರ್ತಿ ಥ್ರಾಟಲ್ ಎಳೆತ ಮುಗಿದ ಮೇಲೆ ಅದರ ಅಂಕಿ ಏರುತ್ತಿರುತ್ತದೆ. ಎರಡನೆಯ ದಾರಿ ಇಸಿಯು ಒಳಗಿನದು: ಗಾಳಿಯ ತಾಪಮಾನ ಮತ್ತು ಕೂಲಂಟ್ ತಾಪಮಾನ ಎರಡನ್ನೂ ಬೆರೆಸಿ ಅಂದಾಜು ಮಾಡುವ ಟೇಬಲ್. ಗಾಳಿ ನಿಧಾನವಾಗಿ ಹರಿಯುವಾಗ ಹೆಡ್‌ನ ಬಿಸಿ ಹೀರಿಕೊಳ್ಳುತ್ತದೆ, ಆಗ ಕೂಲಂಟ್‌ಗೆ ಹೆಚ್ಚು ತೂಕ. ರಭಸವಾಗಿ ಹರಿಯುವಾಗ ಐಎಟಿಗೆ ಹೆಚ್ಚು ತೂಕ. ಸಿದ್ಧ ಫೈಲ್‌ಗಳಲ್ಲಿ ಈ ಟೇಬಲನ್ನು ಮುಟ್ಟುವುದೇ ಕಡಿಮೆ.

ಮ್ಯಾಪ್ ಒಳಗೆ

ಟೈಮಿಂಗ್ ತಿದ್ದುಪಡಿ ಟೇಬಲ್ ಹೇಗಿರುತ್ತದೆ ಎಂಬುದಕ್ಕೆ ಒಂದು ಮಾದರಿ: 5,000 ಆರ್‌ಪಿಎಂ, 1 ಬಾರ್ ಬೂಸ್ಟ್‌ನಲ್ಲಿ 35 ಡಿಗ್ರಿ ಗಾಳಿಗೆ 14 ಡಿಗ್ರಿ ಮುಂಚಿನ ಸ್ಪಾರ್ಕ್ ಇದ್ದರೆ, 50 ಡಿಗ್ರಿಗೆ ಅದರಿಂದ 2 ಕಳೆ, 65ಕ್ಕೆ 5 ಕಳೆ, 80ಕ್ಕೆ 9 ಕಳೆ. ಅಂಕಿಗಳು ಎಂಜಿನ್‌ನಿಂದ ಎಂಜಿನ್‌ಗೆ, ಪೆಟ್ರೋಲ್‌ನ ಆಕ್ಟೇನ್‌ಗೆ ತಕ್ಕಂತೆ ಬೇರೆಯಾಗುತ್ತವೆ. ಆದರೆ ಆಕಾರ ಇದೇ. ಬಿಸಿ ಏರಿದಂತೆ ಕಳೆಯುವ ಪ್ರಮಾಣವೂ ಏರುತ್ತಾ ಹೋಗಬೇಕು, ನೇರ ಗೆರೆಯಾಗಬಾರದು. ಬೂಸ್ಟ್ ಇಲ್ಲದ ಕಡೆ ಈ ತಿದ್ದುಪಡಿ ಸೊನ್ನೆಗೆ ಹತ್ತಿರವಿರಬೇಕು. ಇಲ್ಲದಿದ್ದರೆ ಬಿಸಿ ದಿನ ಸುಮ್ಮನೆ ಓಡಿಸುವಾಗಲೂ ಕಾರು ಮಂಕಾಗುತ್ತದೆ. ಇದರ ಜೊತೆಗೆ 60-65 ಡಿಗ್ರಿಯಿಂದಾಚೆ ಬೂಸ್ಟ್ ಗುರಿಯನ್ನೇ ಇಳಿಸುವ ಇನ್ನೊಂದು ಟೇಬಲ್ ಬೇಕು. ಟೈಮಿಂಗ್ ಒಂದನ್ನೇ ಕಳೆಯುತ್ತಾ ಹೋದರೆ ಎಕ್ಸಾಸ್ಟ್ ಬಿಸಿ ಮಿತಿಮೀರುತ್ತದೆ ಎಂಬುದನ್ನು ಮೇಲೆ ನೋಡಿದೆವು.

ಕೆಲವರು ‘ಪವರ್ ಬಿಡುತ್ತೇವೆ’ ಎಂದು ಈ ಎರಡು ಟೇಬಲ್‌ಗಳನ್ನೂ ಸೊನ್ನೆ ಮಾಡಿ, ಮಿಕ್ಕಿದ್ದನ್ನು ನಾಕ್ ಸೆನ್ಸರ್ ನೋಡಿಕೊಳ್ಳಲಿ ಎಂದು ಬಿಡುತ್ತಾರೆ. ಇದು ತಪ್ಪು, ಅಪಾಯಕಾರಿ ತಪ್ಪು. ನಾಕ್ ಸೆನ್ಸರ್ ಬಡಿತ (ನಾಕಿಂಗ್) ಆದ ಮೇಲೆ ಹೇಳುವ ಸಾಧನ. ಬಡಿತ ಕೇಳಿದ ಸಿಲಿಂಡರ್‌ನಲ್ಲಿ ಇಸಿಯು ತಟ್ಟನೆ ಎರಡು-ಮೂರು ಡಿಗ್ರಿ ಹಿಂದಕ್ಕೆಳೆದು, ನಿಧಾನವಾಗಿ ಮುಂದಕ್ಕೆ ತಂದು, ಮತ್ತೆ ಬಡಿತ ಕೇಳಿದರೆ ಮತ್ತೆ ಎಳೆಯುತ್ತದೆ. ತಾಪಮಾನದ ಟೇಬಲ್ ಇಲ್ಲದ ಎಂಜಿನ್ ಬಿಸಿ ದಿನದಲ್ಲಿ ಪ್ರತಿ ಎಳೆತಕ್ಕೂ ಪೆಟ್ಟು ತಿನ್ನುತ್ತಲೇ ಓಡುತ್ತದೆ.

ಈಗಿನ ಟಾರ್ಕ್ ಆಧಾರಿತ ಇಸಿಯುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇವು ಬೂಸ್ಟ್ ಒತ್ತಡವನ್ನು ಗುರಿಯಾಗಿ ಇಟ್ಟುಕೊಳ್ಳುವುದಿಲ್ಲ. ಇಷ್ಟು ಟಾರ್ಕ್‌ಗೆ ಇಷ್ಟು ಗಾಳಿಯ ತೂಕ ಬೇಕು ಎಂದು ಲೆಕ್ಕ ಹಾಕಿ, ಅದಕ್ಕೆ ಬೇಕಾದ ಒತ್ತಡವನ್ನು ತಾವೇ ತೀರ್ಮಾನಿಸುತ್ತವೆ. ಗಾಳಿ ಬಿಸಿಯಾಗಿ ತೆಳುವಾದರೆ ಕೊರತೆ ತುಂಬಲು ಬೂಸ್ಟ್ ಏರಿಸುತ್ತವೆ. ಏರಿದ ಬೂಸ್ಟ್ ಗಾಳಿಯನ್ನು ಮತ್ತಷ್ಟು ಕಾಯಿಸುತ್ತದೆ. ಕಂಪನಿಯ ಮ್ಯಾಪ್‌ನಲ್ಲಿ ಟರ್ಬೊಗೆ ಉಸಿರಾಡಲು ಜಾಗ ಬಿಟ್ಟಿರುತ್ತಾರೆ, ಅದಕ್ಕೇ ಮಾಮೂಲಿ ಕಾರಿನಲ್ಲಿ ಬಿಸಿಲಿನ ಪರಿಣಾಮ ಅಷ್ಟಾಗಿ ಗೊತ್ತಾಗುವುದಿಲ್ಲ. ರಿಮ್ಯಾಪ್ ಆ ಜಾಗವನ್ನೇ ತಿಂದು ಪವರ್ ಕೊಟ್ಟಿರುವುದು. ಸಮುದ್ರಮಟ್ಟದಿಂದ ಎತ್ತರಕ್ಕೆ ಹೋದಾಗಲೂ ಇದೇ ಕತೆ: ಹೊರಗಿನ ಒತ್ತಡ 0.8 ಬಾರ್ ಇರುವಲ್ಲಿ ಮ್ಯಾನಿಫೋಲ್ಡ್‌ನಲ್ಲಿ 2 ಬಾರ್ ಬೇಕೆಂದರೆ ಅನುಪಾತ 2 ಅಲ್ಲ, 2.5. ಹವೆ ತಂಪಾಗಿದ್ದರೂ ಟರ್ಬೊ ಕಾಯುತ್ತದೆ.

ತಣಿಸುವ ದಾರಿಗಳು

ದೊಡ್ಡ ಇಂಟರ್‌ಕೂಲರ್ ಕೊಳ್ಳುವ ಮೊದಲು ಇರುವುದಕ್ಕೆ ಗಾಳಿ ಸರಿಯಾಗಿ ಬಡಿಯುತ್ತಿದೆಯೇ ನೋಡಿ. ಗಾಳಿ ಯಾವಾಗಲೂ ಸಲೀಸಾದ ದಾರಿ ಹಿಡಿಯುತ್ತದೆ. ಬಂಪರ್‌ಗೂ ಇಂಟರ್‌ಕೂಲರ್‌ಗೂ ನಡುವೆ ಎರಡು ಬೆರಳು ಸಂದು ಇದ್ದರೆ ಫಿನ್‌ಗಳ ಒಳಗೆ ನುಗ್ಗುವುದರ ಬದಲು ಪಕ್ಕದಿಂದ ಜಾರಿಹೋಗುತ್ತದೆ. ಅಪಘಾತದ ರಿಪೇರಿ ಆದ ಮೇಲೆ ಪ್ಲಾಸ್ಟಿಕ್ ಡಕ್ಟ್ ವಾಪಸ್ ಹಾಕದೇ ಬಿಟ್ಟಿರುವುದು ಸಾಮಾನ್ಯ. ಸಂದುಗಳಿಗೆ ಫೋಮ್ ಪಟ್ಟಿ ತುಂಬಿ, ಬಾಗಿದ ಫಿನ್ ನೇರ ಮಾಡಿ, ಕೆಸರು, ಹುಳ ತೊಳೆದರೆ ಬಹುಪಾಲು ಖರ್ಚಿಲ್ಲದೆ ಕೆಲವು ಡಿಗ್ರಿ ಇಳಿಯುತ್ತದೆ. ಒಳಗೆ ಎಣ್ಣೆ ನಿಂತಿದ್ದರೆ ಬಿಚ್ಚಿ ತೊಳೆಯಬೇಕು. ಎಣ್ಣೆಯ ಪದರ ಬಿಸಿ ಹೊರಹೋಗುವುದನ್ನು ತಡೆಯುವುದಲ್ಲದೆ, ಸಿಲಿಂಡರ್‌ಗೆ ಹೋದ ಎಣ್ಣೆಯ ಮಂಜು ನಾಕಿಂಗನ್ನು ಪ್ರಚೋದಿಸುತ್ತದೆ.

ಹೋಸ್ ಸಡಿಲವಿದ್ದರೂ ಗಾಳಿ ಬಿಸಿಯಾಗುತ್ತದೆ ಎಂದರೆ ಮೊದಲಿಗೆ ನಂಬಿಕೆ ಬರುವುದಿಲ್ಲ. ಸೋರಿದಷ್ಟನ್ನೂ ತುಂಬಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ದಕ್ಷತೆಯ ವಲಯ ದಾಟಬೇಕು. ಕಂಪ್ರೆಸರ್ ಬಾಯಿಗೆ ಮುಚ್ಚಳ ಹಾಕಿ 1 ಬಾರ್‌ನಷ್ಟು ಗಾಳಿ ತುಂಬಿ, ಕ್ಲಾಂಪ್‌ಗಳ ಸುತ್ತ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗ ಸಿಗುತ್ತದೆ.

ಇಂಟರ್‌ಕೂಲರ್ ಬದಲಿಸುವುದೇ ಆದರೆ ಅಗಲ-ಎತ್ತರದ ಅಳತೆ ಮುಖ್ಯ, ದಪ್ಪ ಅಷ್ಟಲ್ಲ. ದಪ್ಪ ಹೆಚ್ಚಾದರೆ ಹಿಂದಿನ ಫಿನ್‌ಗಳಿಗೆ ತಲುಪುವ ಗಾಳಿ ಆಗಲೇ ಬಿಸಿಯಾಗಿರುತ್ತದೆ, ಅದರ ಹಿಂದಿರುವ ರೇಡಿಯೇಟರ್‌ಗೂ ಕಷ್ಟ. ಬಾರ್ ಆ್ಯಂಡ್ ಪ್ಲೇಟ್ ಬಗೆಯದು ತೂಕ ಹೆಚ್ಚು, ಒಂದೆರಡು ಎಳೆತದ ಬಿಸಿಯನ್ನು ತಾನೇ ಹೀರಿಕೊಂಡು ಕೂರುತ್ತದೆ. ಟ್ಯೂಬ್ ಆ್ಯಂಡ್ ಫಿನ್ ಬಗೆಯದು ಹಗುರ, ಬೇಗ ತಣಿಯುತ್ತದೆ. ಒಳಗಿನ ಒತ್ತಡ ನಷ್ಟ 0.1 ಬಾರ್ ಮೀರಿದರೆ ತಣಿಸಿದ್ದರ ಲಾಭ ಕೈಬಿಟ್ಟಂತೆ. ಫೋಕ್ಸ್‌ವ್ಯಾಗನ್‌ನ ಇಎ211 ಸರಣಿಯ 1.4 ಟಿಎಸ್‌ಐನಂಥ ಎಂಜಿನ್‌ಗಳಲ್ಲಿ ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಕೂತಿದೆ, ತಣಿಸುವುದು ನೀರು. ಇಲ್ಲಿ ಮುಂಭಾಗದ ಫಿನ್ ತೊಳೆದರೆ ಸಾಲದು. ಆ ಪ್ರತ್ಯೇಕ ನೀರಿನ ಸುತ್ತಿನ ಎಲೆಕ್ಟ್ರಿಕ್ ಪಂಪ್ ತಿರುಗುತ್ತಿದೆಯೇ, ಕೂಲಂಟ್ ಬದಲಿಸುವಾಗ ಗಾಳಿ ಸಿಕ್ಕಿಕೊಂಡಿದೆಯೇ ನೋಡಬೇಕು. ಒಂದು ಎಳೆತದಲ್ಲಿ ಏರಿದ ಐಎಟಿ ಹಾಯಾಗಿ ಓಡಿಸಿದರೂ ಇಳಿಯದಿದ್ದರೆ ಮೊದಲ ಅನುಮಾನ ಪಂಪ್ ಮೇಲೆ.

ನೀರನ್ನೇ ಗಾಳಿಗೆ ಸಿಂಪಡಿಸುವ ಉಪಾಯ ಹಳೆಯದು. 1962ರ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ನೀರು-ಮೆಥನಾಲ್ ಮಿಶ್ರಣದ ಟ್ಯಾಂಕ್ ಹೊತ್ತುಕೊಂಡೇ ಬಂದಿತ್ತು, ಏಕೆಂದರೆ ಟರ್ಬೊ ಜೊತೆಗೆ ಅದರ ಕಂಪ್ರೆಷನ್ ಅನುಪಾತ 10.25 ಇತ್ತು. ಬಿಎಂಡಬ್ಲ್ಯು ಎಂ4 ಜಿಟಿಎಸ್ ಅದೇ ಉಪಾಯವನ್ನು ಹೊಸದಾಗಿ ತಂದಿತು. ಒಂದು ಕಿಲೊ ನೀರು ಆವಿಯಾಗಲು 2,257 ಕಿಲೊಜೌಲ್ ಬಿಸಿ ಹೀರುತ್ತದೆ, ಪೆಟ್ರೋಲ್ ಹೀರುವುದರ ಆರು ಪಟ್ಟಿಗೂ ಹೆಚ್ಚು. ಕೂರಿಸುವಾಗ ನಳಿಕೆಯನ್ನು ಐಎಟಿ ಸೆನ್ಸರ್ ದಾಟಿದ ಮೇಲೆ ಇಡಬೇಕು. ಮುಂಚೆ ಇಟ್ಟರೆ ಹನಿ ತಾಗಿದ ಸೆನ್ಸರ್ ನಿಜಕ್ಕಿಂತ ತಣ್ಣನೆಯ ಅಂಕಿ ಕೊಟ್ಟು ಟೈಮಿಂಗನ್ನು ಮುಂದಕ್ಕೆ ತಳ್ಳುತ್ತದೆ. ಟ್ಯಾಂಕ್ ಖಾಲಿಯಾದಾಗ, ಇಲ್ಲವೇ ನಳಿಕೆ ಕಟ್ಟಿದಾಗ ತಕ್ಷಣ ಬೂಸ್ಟ್ ಇಳಿಸುವ ವ್ಯವಸ್ಥೆ ಇಲ್ಲದೆ ನೀರನ್ನು ನಂಬಿ ಟ್ಯೂನ್ ಮಾಡಬಾರದು.

ಪರೀಕ್ಷೆ

ಡೈನೊ ಎಂದರೆ ಕಾರನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ. ಅದರ ಶೀಟಿನಲ್ಲಿ ಪವರ್ ಪಕ್ಕದಲ್ಲಿ ತಿದ್ದುಪಡಿಯ ಹೆಸರು ಇದೆಯೇ ನೋಡಿ. ಎಸ್‌ಎಇ ಜೆ1349 ಮಾನದಂಡ 25 ಡಿಗ್ರಿ ಹವೆಗೆ ಅಂಕಿಯನ್ನು ಹೊಂದಿಸುತ್ತದೆ. 40 ಡಿಗ್ರಿಯಲ್ಲಿ ಓಡಿಸಿದರೆ ತಾಪಮಾನದ ಲೆಕ್ಕಕ್ಕೇ ಶೇ 3ರಷ್ಟು ಸೇರುತ್ತದೆ. ಕೊರತೆಯನ್ನು ಬೂಸ್ಟ್ ಏರಿಸಿ ಆಗಲೇ ತುಂಬಿಕೊಂಡ ಟರ್ಬೊ ಎಂಜಿನ್‌ಗೆ ಇದು ಎರಡನೇ ಸಲ ಕೊಟ್ಟ ಅಂಕ.

ಓಡಿಸುವಾಗ ಇಸಿಯುವಿನ ಅಂಕಿಗಳನ್ನು ದಾಖಲಿಸಿದ ಲಾಗ್ ಹೆಚ್ಚು ನಂಬಿಕಸ್ಥ. ಡೈನೊ ಮೇಲೆ ಅಥವಾ ಮುಚ್ಚಿದ ಟ್ರ್ಯಾಕ್‌ನಲ್ಲಿ ಮೂರನೇ ಇಲ್ಲವೇ ನಾಲ್ಕನೇ ಗೇರ್‌ನಲ್ಲಿ 2,000 ಆರ್‌ಪಿಎಂನಿಂದ ರೆಡ್‌ಲೈನ್‌ವರೆಗೆ ಪೂರ್ತಿ ಥ್ರಾಟಲ್ ಎಳೆದು ಐಎಟಿ, ಬೂಸ್ಟ್, ಟೈಮಿಂಗ್, ಪ್ರತಿ ಸಿಲಿಂಡರ್‌ನ ನಾಕ್ ತಿದ್ದುಪಡಿ, ಲ್ಯಾಂಬ್ಡಾ, ವೇಸ್ಟ್‌ಗೇಟ್ ಡ್ಯೂಟಿ (ಬೂಸ್ಟ್ ಹಿಡಿತದಲ್ಲಿಡುವ ಕವಾಟಕ್ಕೆ ಇಸಿಯು ಕೊಡುವ ಆದೇಶದ ಪ್ರಮಾಣ) ಇಷ್ಟನ್ನೂ ದಾಖಲಿಸಿ. ಒಂದು ಎಳೆತ ಸಾಲದು, ಬಿಡುವಿಲ್ಲದೆ ಮೂರು ಬೇಕು. ಪ್ರತಿ ಎಳೆತಕ್ಕೆ ಐಎಟಿ 10-15 ಡಿಗ್ರಿ ಏರಿ, ನಡುವೆ ಬೇಗ ಇಳಿದರೆ ಇಂಟರ್‌ಕೂಲರ್ ಸಾಕು. 25 ಡಿಗ್ರಿ ಮೀರಿ ಏರಿದರೆ, ಇಲ್ಲವೇ ಮೂರನೆಯದು ಮೊದಲನೆಯದಕ್ಕಿಂತ 20 ಡಿಗ್ರಿ ಮೇಲಿನಿಂದ ಶುರುವಾದರೆ ತಣಿಸುವ ವ್ಯವಸ್ಥೆ ಸೋತಿದೆ, ಮ್ಯಾಪ್ ತಿದ್ದಿ ಫಲವಿಲ್ಲ. ಐಎಟಿ ಏರಿದಂತೆ ಎಲ್ಲ ಸಿಲಿಂಡರ್‌ಗಳ ಟೈಮಿಂಗ್ ಒಟ್ಟಿಗೆ ನಯವಾಗಿ ಇಳಿದರೆ ಟೇಬಲ್ ಕೆಲಸ ಮಾಡುತ್ತಿದೆ. ಒಂದೊಂದು ಸಿಲಿಂಡರ್‌ನಲ್ಲಿ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಆಡಿದರೆ ಅದು ನಾಕ್ ಸೆನ್ಸರ್‌ನ ಕೆಲಸ.

ಇದೇ ಪರೀಕ್ಷೆಯನ್ನು ಚಳಿಯಲ್ಲೂ ಮಾಡಬೇಕು, ಇದನ್ನು ಮರೆಯುವವರೇ ಹೆಚ್ಚು. ಬೂಸ್ಟ್ ಒತ್ತಡವನ್ನೇ ಗುರಿಯಾಗಿಟ್ಟ ಮ್ಯಾಪ್ ಸಿಲಿಂಡರ್‌ಗೆ ಹೋಗುವ ಗಾಳಿ 40 ಡಿಗ್ರಿ ಇದ್ದ ದಿನ ತಯಾರಾಗಿದ್ದರೆ, ಅದೇ ಗಾಳಿ 0 ಡಿಗ್ರಿಗೆ ಇಳಿದಾಗ ಶೇ 15ರಷ್ಟು ದಟ್ಟವಾಗಿ ನುಗ್ಗುತ್ತದೆ. ಬಿಸಿ ದಿನ ಶೇ 85 ಡ್ಯೂಟಿಯಲ್ಲಿ, ಅಂದರೆ ಸಿಗುವ ಸಮಯದ ಶೇ 85ರಷ್ಟು ತೆರೆದುಕೊಂಡು, ಓಡುತ್ತಿದ್ದ ಪೋರ್ಟ್ ಇಂಜೆಕ್ಟರ್‌ಗಳಿಗೆ ಆಗ ಶೇ 97 ಬೇಕು. ಅಲ್ಲಿಂದ ಮುಂದೆ ಇಂಜೆಕ್ಟರ್ ಮುಚ್ಚಿಕೊಳ್ಳಲು ಸಮಯವೇ ಇರುವುದಿಲ್ಲ, ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗುತ್ತದೆ, ಅದೂ ಪೂರ್ತಿ ಬೂಸ್ಟ್‌ನಲ್ಲಿ. ಹಾಗಾಗಿ ಬಿಸಿ ದಿನದ ಲಾಗ್‌ನಲ್ಲಿ ಇಂಜೆಕ್ಟರ್ ಡ್ಯೂಟಿ ಶೇ 80 ದಾಟಿದ್ದರೆ, ಚಳಿ ಬರುವ ಮೊದಲೇ ದೊಡ್ಡ ಇಂಜೆಕ್ಟರ್ ಹಾಕಿ, ಇಲ್ಲವೇ ತಣ್ಣನೆ ಗಾಳಿಗೂ ಬೂಸ್ಟ್ ಇಳಿಸುವ ಒಂದು ಸಾಲನ್ನು ಟೇಬಲ್‌ನಲ್ಲಿ ಬರೆಸಿ.